ನ್ಯಾಯಾಲಯಗಳ ರಚನೆ ಮತ್ತು ಕಾರ್ಯವಿಧಾನ: ಇಂಗ್ಲಿಷ್ ನ್ಯಾಯಪದ್ಧತಿಯಿಂದ ನಮ್ಮ ಜಿಲ್ಲೆಯವರೆಗೆ

(ದಕ್ಷಿಣ ಕನ್ನಡ ಜಿಲ್ಲೆಯ ಸಾರ್ವಜನಿಕರ ಹಾಗೂ ಅರ್ಜಿದಾರರ ತಿಳಿವಳಿಕೆಗಾಗಿ)

1. ಪೀಠಿಕೆ

ಖಾತೆ ಬದಲಾವಣೆ, ವಂಶವೃಕ್ಷ, ಜನನ ಮರಣ ನೋಂದಣಿ ಮುಂತಾದ ಸೇವೆಗಳಿಗಾಗಿ ಸರ್ಕಾರಿ ಕಚೇರಿಗಳಿಗೆ ಬರುವ ಅರ್ಜಿದಾರರಿಗೆ ಕೆಲವೊಮ್ಮೆ "ಈ ವಿಷಯವು ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ, ಸಕ್ಷಮ ನ್ಯಾಯಾಲಯವನ್ನು ಸಂಪರ್ಕಿಸುವುದು" ಎಂಬ ಹಿಂಬರಹವನ್ನು ನೀಡಲಾಗುತ್ತದೆ. ಸಕ್ಷಮ ನ್ಯಾಯಾಲಯ ಯಾವುದು, ಅಲ್ಲಿಗೆ ಎಷ್ಟು ದಿನಗಳೊಳಗೆ ಹೋಗಬೇಕು, ಅಲ್ಲಿನ ಆದೇಶವು ಸಮ್ಮತವಾಗದಿದ್ದರೆ ಮುಂದೇನು ಎಂಬ ವಿವರಗಳು ಹಿಂಬರಹದಲ್ಲಿ ಇರುವುದಿಲ್ಲ. ಇದರ ಪರಿಣಾಮವಾಗಿ ಹಲವರು ಅದೇ ಕಚೇರಿಗೆ ಮತ್ತೆ ಮತ್ತೆ ಮನವಿ ಸಲ್ಲಿಸುತ್ತಾ ವರ್ಷಗಳನ್ನು ಕಳೆಯುತ್ತಾರೆ. ಅಷ್ಟರಲ್ಲಿ ನ್ಯಾಯಾಲಯಕ್ಕೆ ಹೋಗಲು ಕಾನೂನು ನೀಡಿದ ಕಾಲಮಿತಿಯೇ ಮುಗಿದಿರುತ್ತದೆ.

ಪ್ರತಿಯೊಂದು ದೂರಿಗೂ ಕಾನೂನು ಒಂದು ನಿರ್ದಿಷ್ಟ ಬಾಗಿಲನ್ನೂ ಒಂದು ನಿರ್ದಿಷ್ಟ ಕಾಲಮಿತಿಯನ್ನೂ ಇರಿಸಿದೆ. ತಪ್ಪು ಬಾಗಿಲಿನ ಮುಂದೆ ಕಾಯುವುದರಿಂದ ಸರಿಯಾದ ಬಾಗಿಲು ಮುಚ್ಚಿಹೋಗಬಹುದು. ಈ ವಿಷಯವನ್ನು ಸಾರ್ವಜನಿಕರಿಗೆ ಮನವರಿಕೆ ಮಾಡಿಕೊಡುವುದು ಈ ಲೇಖನದ ಉದ್ದೇಶವಾಗಿದೆ. ನಮ್ಮ ನ್ಯಾಯಾಲಯಗಳ ವ್ಯವಸ್ಥೆಯು ಇಂಗ್ಲಿಷ್ ನ್ಯಾಯಪದ್ಧತಿಯಿಂದ ಬೆಳೆದು ಬಂದಿರುವುದರಿಂದ ಮೊದಲು ಅದರ ಸ್ವರೂಪವನ್ನೂ ಬಳಿಕ ನಮ್ಮ ಜಿಲ್ಲೆಯ ಈಗಿನ ವ್ಯವಸ್ಥೆಯನ್ನೂ ವಿವರಿಸಲಾಗಿದೆ.

2. ಇಂಗ್ಲಿಷ್ ನ್ಯಾಯಪದ್ಧತಿಯ ಮುಖ್ಯ ಲಕ್ಷಣಗಳು

ಇಂಗ್ಲೆಂಡ್ ಮತ್ತು ವೇಲ್ಸ್ ಪ್ರಾಂತ್ಯಗಳಿಗೆ ಒಂದೇ ನ್ಯಾಯವ್ಯವಸ್ಥೆ ಇದೆ. ಸ್ಕಾಟ್ಲೆಂಡಿನ ವ್ಯವಸ್ಥೆ ಪ್ರತ್ಯೇಕವಾದುದು. ಇಂಗ್ಲಿಷ್ ಪದ್ಧತಿಯ ಮುಖ್ಯ ಲಕ್ಷಣಗಳು ಈ ಕೆಳಗಿನಂತಿವೆ.

ಅ) ಪೂರ್ವನಿರ್ಣಯ: ಮೇಲಿನ ನ್ಯಾಯಾಲಯವು ಒಂದು ಕಾನೂನಿನ ಪ್ರಶ್ನೆಯನ್ನು ತೀರ್ಮಾನಿಸಿದ ನಂತರ ಅಂತಹದೇ ಪ್ರಶ್ನೆ ಬಂದಾಗ ಕೆಳಗಿನ ನ್ಯಾಯಾಲಯಗಳು ಅದನ್ನೇ ಅನುಸರಿಸತಕ್ಕದ್ದು. ಶಾಸನಸಭೆ ಕಾನೂನು ಮಾಡದ ವಿಷಯಗಳಲ್ಲಿಯೂ ನ್ಯಾಯಾಧೀಶರ ತೀರ್ಪುಗಳು ಕ್ರಮೇಣ ಕಾನೂನಾಗಿ ಬೆಳೆಯುತ್ತವೆ.

ಆ) ಉಭಯ ಪಕ್ಷಗಳ ವಾದ: ಸಾಕ್ಷ್ಯವನ್ನು ಪಕ್ಷಗಾರರೇ ಹಾಜರುಪಡಿಸುತ್ತಾರೆ, ಎದುರು ಪಕ್ಷದವರು ಪಾಟೀ ಸವಾಲು ಮಾಡುತ್ತಾರೆ, ನ್ಯಾಯಾಧೀಶರು ತಟಸ್ಥರಾಗಿ ಕೇಳಿ ತೀರ್ಮಾನಿಸುತ್ತಾರೆ. ಸಾಕ್ಷ್ಯ ಸಂಗ್ರಹಿಸುವ ಹೊಣೆ ನ್ಯಾಯಾಧೀಶರದ್ದಲ್ಲ.

ಇ) ಸಿವಿಲ್ ಮತ್ತು ಕ್ರಿಮಿನಲ್ ವಿಭಾಗ: ಹಕ್ಕು, ಹಣ, ಆಸ್ತಿಯ ವ್ಯಾಜ್ಯಗಳು ಸಿವಿಲ್ ವಿಭಾಗಕ್ಕೆ ಸೇರುತ್ತವೆ. ಅಪರಾಧಗಳ ವಿಚಾರಣೆಯು ಕ್ರಿಮಿನಲ್ ವಿಭಾಗಕ್ಕೆ ಸೇರುತ್ತದೆ. ಎರಡರಲ್ಲಿಯೂ ರುಜುವಾತಿನ ಮಟ್ಟ ಬೇರೆ ಬೇರೆ. ಸಿವಿಲ್ ದಾವೆಯಲ್ಲಿ ಯಾರ ಸಾಕ್ಷ್ಯವು ಹೆಚ್ಚು ಸಂಭವನೀಯವೋ ಅವರ ಪರ ತೀರ್ಪಾಗುತ್ತದೆ. ಕ್ರಿಮಿನಲ್ ಪ್ರಕರಣದಲ್ಲಿ ಆರೋಪವು ಸಂಶಯಾತೀತವಾಗಿ ಸಾಬೀತಾಗತಕ್ಕದ್ದು.

ಈ) ಸಮನ್ಯಾಯ: ಕಟ್ಟುನಿಟ್ಟಾದ ಕಾನೂನಿನಲ್ಲಿ ಪರಿಹಾರ ದೊರಕದವರು ಹಿಂದೆ ಇಂಗ್ಲೆಂಡಿನಲ್ಲಿ ಚಾನ್ಸಲರ್ ಅವರ ನ್ಯಾಯಾಲಯಕ್ಕೆ ಹೋಗುತ್ತಿದ್ದರು. ಇಂದು ನಾವು ಪಡೆಯುವ ತಡೆಯಾಜ್ಞೆ ಎಂಬ ಪರಿಹಾರವು ಅಲ್ಲಿಂದ ಬಂದುದಾಗಿದೆ. 1873 ಮತ್ತು 1875ರ ಅಧಿನಿಯಮಗಳಿಂದ ಆ ಎರಡೂ ಬಗೆಯ ನ್ಯಾಯಾಲಯಗಳನ್ನು ಒಂದುಗೂಡಿಸಲಾಯಿತು. ತಡೆಯಾಜ್ಞೆ ಕೇಳುವವರು ಶುದ್ಧಹಸ್ತರಾಗಿ ಬರಬೇಕು, ಅಂದರೆ ತಮಗೆ ಪ್ರತಿಕೂಲವಾದ ಸಂಗತಿಗಳನ್ನೂ ಮರೆಮಾಚದೆ ತಿಳಿಸಬೇಕು ಎಂಬ ನಿಯಮವು ನಮ್ಮ ನ್ಯಾಯಾಲಯಗಳಲ್ಲಿಯೂ ಪಾಲನೆಯಲ್ಲಿದೆ.

ಅಲ್ಲಿನ ನ್ಯಾಯಾಲಯಗಳ ಶ್ರೇಣಿಯಲ್ಲಿ ಕ್ರಿಮಿನಲ್ ಪ್ರಕರಣಗಳೆಲ್ಲ ಮ್ಯಾಜಿಸ್ಟ್ರೇಟರ ನ್ಯಾಯಾಲಯದಲ್ಲಿ ಆರಂಭವಾಗುತ್ತವೆ ಮತ್ತು ಬಹುಪಾಲು ಅಲ್ಲಿಯೇ ಮುಕ್ತಾಯಗೊಳ್ಳುತ್ತವೆ. ಗಂಭೀರ ಅಪರಾಧಗಳು ಕ್ರೌನ್ ನ್ಯಾಯಾಲಯಕ್ಕೆ ಹೋಗುತ್ತವೆ. ಆರೋಪಿಯು ತಪ್ಪೊಪ್ಪಿಕೊಳ್ಳದಿದ್ದರೆ ಅಲ್ಲಿ ಸಾಮಾನ್ಯ ನಾಗರಿಕರಿಂದ ಆಯ್ದ 12 ಮಂದಿ ಜ್ಯೂರಿ ಸದಸ್ಯರು ಆರೋಪಿಯು ದೋಷಿಯೇ ಅಲ್ಲವೇ ಎಂಬುದನ್ನು ನಿರ್ಣಯಿಸುತ್ತಾರೆ. ಸಿವಿಲ್ ವ್ಯಾಜ್ಯಗಳು ಕೌಂಟಿ ನ್ಯಾಯಾಲಯದಲ್ಲಿ ಅಥವಾ ಹೈಕೋರ್ಟಿನಲ್ಲಿ ನಡೆಯುತ್ತವೆ. ಇವುಗಳ ಮೇಲೆ ಮೇಲ್ಮನವಿ ನ್ಯಾಯಾಲಯವೂ ಎಲ್ಲಕ್ಕಿಂತ ಮೇಲೆ ಸುಪ್ರೀಂ ಕೋರ್ಟೂ ಇವೆ. ಸುಪ್ರೀಂ ಕೋರ್ಟು 2009ರ ಅಕ್ಟೋಬರ್ 1ರಂದು ಕಾರ್ಯಾರಂಭ ಮಾಡಿತು. ಅದಕ್ಕೆ ಮೊದಲು ಹೌಸ್ ಆಫ್ ಲಾರ್ಡ್ಸ್ ಎಂಬ ಸಂಸತ್ತಿನ ಮೇಲ್ಮನೆಯ ನ್ಯಾಯಿಕ ಸಮಿತಿಯೇ ಅಂತಿಮ ನ್ಯಾಯಾಲಯವಾಗಿತ್ತು.

3. ಈ ಪದ್ಧತಿಯು ನಮ್ಮ ಜಿಲ್ಲೆಗೆ ಬಂದ ಬಗೆ

1799ರಲ್ಲಿ ಶ್ರೀರಂಗಪಟ್ಟಣದ ಪತನದ ನಂತರ ಕೆನರಾ ಪ್ರದೇಶವು ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರ್ ಆಗಿದ್ದರು. ಮದ್ರಾಸ್ ಪ್ರಾಂತ್ಯದಲ್ಲಿ 1802ರ ವಿನಿಯಮಗಳ ಮೂಲಕ ಜಿಲ್ಲಾ ನ್ಯಾಯಾಲಯಗಳನ್ನು ಸ್ಥಾಪಿಸಿ, ನ್ಯಾಯಾಧೀಶರ ಕೆಲಸವನ್ನು ಕಲೆಕ್ಟರರ ಕೆಲಸದಿಂದ ಬೇರ್ಪಡಿಸಲಾಯಿತು. 1816ರ ವಿನಿಯಮಗಳಿಂದ ಪೊಲೀಸ್ ಮತ್ತು ಮ್ಯಾಜಿಸ್ಟ್ರೇಟ್ ಅಧಿಕಾರವು ಕಲೆಕ್ಟರರಿಗೆ ದೊರೆಯಿತು. ಇಂದಿಗೂ ಜಿಲ್ಲಾಧಿಕಾರಿಗಳು ಜಿಲ್ಲಾ ದಂಡಾಧಿಕಾರಿಗಳೂ ಆಗಿರುವುದಕ್ಕೆ ಇದೇ ಮೂಲವಾಗಿದೆ.

1862ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯವು ಆರಂಭವಾಯಿತು. ಅಂದಿನಿಂದ ಮಂಗಳೂರಿನ ಮುನ್ಸಿಫ್ ನ್ಯಾಯಾಲಯದಲ್ಲಿ ಹುಟ್ಟಿದ ವ್ಯಾಜ್ಯವು ಜಿಲ್ಲಾ ನ್ಯಾಯಾಲಯ, ಮದ್ರಾಸ್ ಉಚ್ಚ ನ್ಯಾಯಾಲಯ, ಕಡೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಗಬಹುದಾಗಿತ್ತು. 1949ರಲ್ಲಿ ಪ್ರಿವಿ ಕೌನ್ಸಿಲ್‌ನ ಅಧಿಕಾರ ವ್ಯಾಪ್ತಿಯು ರದ್ದಾಯಿತು. 1950ರ ಜನವರಿಯಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಅಸ್ತಿತ್ವಕ್ಕೆ ಬಂದಿತು. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆಯು ಮೈಸೂರು ರಾಜ್ಯವನ್ನು ಸೇರಿದಾಗ ನಮ್ಮ ಮೇಲ್ಮನವಿಗಳ ದಾರಿಯು ಮದರಾಸಿನಿಂದ ಬೆಂಗಳೂರಿಗೆ ತಿರುಗಿತು. ಅದೇ ದಿನ ಕಾಸರಗೋಡು ತಾಲ್ಲೂಕು ಕೇರಳಕ್ಕೆ ಸೇರಿದುದರಿಂದ ಅಲ್ಲಿನ ಮೇಲ್ಮನವಿಗಳು ಕೇರಳದ ಉಚ್ಚ ನ್ಯಾಯಾಲಯಕ್ಕೆ ಹೋಗುವಂತಾಯಿತು. ಒಂದೇ ಕುಟುಂಬದ ಎರಡು ಜಮೀನುಗಳು ಎರಡು ಬೇರೆ ಬೇರೆ ಉಚ್ಚ ನ್ಯಾಯಾಲಯಗಳ ವ್ಯಾಪ್ತಿಗೆ ಸೇರಿದ ನಿದರ್ಶನಗಳು ಗಡಿಭಾಗದವರಿಗೆ ಪರಿಚಿತವಾಗಿಯೇ ಇವೆ.

4. ಪೂರ್ವನಿರ್ಣಯವು ಕೆಲಸ ಮಾಡುವ ಬಗೆ: ಅಳಿಯಸಂತಾನದ ನಿದರ್ಶನ

ತೀರ್ಪು ಹೇಗೆ ಕಾನೂನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯ ಅಳಿಯಸಂತಾನ ಪದ್ಧತಿಯೇ ಉತ್ತಮ ನಿದರ್ಶನವಾಗಿದೆ. ತಾಯಿಯ ಕಡೆಯಿಂದ ಆಸ್ತಿ ಇಳಿದು ಬರುವ ಈ ಪದ್ಧತಿಯು ಶಾಸನಸಭೆ ಮಾಡಿದ ಕಾನೂನಾಗಿರದೆ ರೂಢಿಯಾಗಿತ್ತು. ಕುಟುಂಬದ ಒಬ್ಬ ಸದಸ್ಯರು ಉಳಿದವರ ಒಪ್ಪಿಗೆ ಇಲ್ಲದೆ ಪಾಲು ಕೇಳಬಹುದೇ ಎಂಬ ಪ್ರಶ್ನೆಯು ಮದ್ರಾಸ್ ಉಚ್ಚ ನ್ಯಾಯಾಲಯದ ಆರಂಭದ ವರ್ಷಗಳಲ್ಲಿಯೇ ಅದರ ಮುಂದೆ ಬಂದಿತು. ಅಳಿಯಸಂತಾನದಲ್ಲಿ ಬಲವಂತದ ಪಾಲಿಗೆ ಅವಕಾಶವಿಲ್ಲವೆಂದು ನ್ಯಾಯಾಲಯವು ತೀರ್ಮಾನಿಸಿತು. ಆ ತೀರ್ಪು ಎಂಟು ದಶಕಗಳಿಗೂ ಹೆಚ್ಚು ಕಾಲ ಜಿಲ್ಲೆಯ ಸಾವಿರಾರು ಕುಟುಂಬಗಳನ್ನು ಬಂಧಿಸಿತು. ಪಾಲು ಕೇಳಿ ಬಂದವರಿಗೆ ಕೆಳಗಿನ ನ್ಯಾಯಾಲಯಗಳು ಆ ತೀರ್ಪನ್ನೇ ತೋರಿಸಬೇಕಾಗಿತ್ತು.

ಇದನ್ನು ಬದಲಿಸಿದ್ದು ಶಾಸನಸಭೆ. 1949ರ ಮದ್ರಾಸ್ ಅಳಿಯಸಂತಾನ ಅಧಿನಿಯಮವು ಕುಟುಂಬದ ಕವರುಗಳಿಗೆ ಪಾಲು ಕೇಳುವ ಹಕ್ಕನ್ನು ನೀಡಿತು. 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದ 7ನೇ ಪ್ರಕರಣವು ಅಳಿಯಸಂತಾನ ಕುಟುಂಬದ ಸದಸ್ಯರು ಮೃತರಾದಾಗ ಅವರ ಅವಿಭಕ್ತ ಹಿತಾಸಕ್ತಿಯು ಆ ಅಧಿನಿಯಮದ ಪ್ರಕಾರವೇ ವಾರಸುದಾರರಿಗೆ ಸೇರುವುದೆಂದು ವಿಧಿಸಿತು. ಕಾಸರಗೋಡಿನಲ್ಲಿ ಕೇರಳದ 1975ರ ಅಧಿನಿಯಮವು ಅವಿಭಕ್ತ ಕುಟುಂಬ ಪದ್ಧತಿಯನ್ನೇ ರದ್ದುಪಡಿಸಿತು. ಮೊದಲು ರೂಢಿ, ಅದರ ಮೇಲೆ ತೀರ್ಪು, ಅದರ ಮೇಲೆ ಶಾಸನ ಎಂಬ ಈ ಅನುಕ್ರಮವೇ ಇಂಗ್ಲಿಷ್ ಪದ್ಧತಿಯ ನಡೆಯಾಗಿದೆ. ಹಳೆಯ ಆಸ್ತಿಯ ದಾಖಲೆಗಳನ್ನು ಪರಿಶೀಲಿಸುವಾಗ ಮರಣವು ಯಾವ ವರ್ಷದಲ್ಲಿ ಸಂಭವಿಸಿತು ಎಂದು ಮೊದಲು ಕೇಳುವುದು ಇದೇ ಕಾರಣಕ್ಕೆ. ಆ ದಿನ ಯಾವ ಕಾನೂನು ಜಾರಿಯಲ್ಲಿತ್ತೋ ಅದರ ಪ್ರಕಾರವೇ ವಾರಸುದಾರಿಕೆಯು ನಿರ್ಧಾರವಾಗುತ್ತದೆ.

5. ನಮ್ಮ ಪದ್ಧತಿಯು ಬೇರೆಯಾದ ಬಗೆ

ಇಂಗ್ಲೆಂಡಿನಲ್ಲಿ ಒಂದೇ ಗ್ರಂಥವಾಗಿ ಬರೆದ ಸಂವಿಧಾನವಿಲ್ಲ. ಅಲ್ಲಿ ಸಂಸತ್ತೇ ಪರಮೋಚ್ಚವಾದುದು, ಅದು ಮಾಡಿದ ಅಧಿನಿಯಮವನ್ನು ನ್ಯಾಯಾಲಯವು ರದ್ದುಪಡಿಸಲಾಗದು. ನಮ್ಮಲ್ಲಿ ಸಂವಿಧಾನವು ಪರಮೋಚ್ಚವಾದುದರಿಂದ ಅದಕ್ಕೆ ವಿರುದ್ಧವಾದ ಕಾನೂನನ್ನು ಉಚ್ಚ ನ್ಯಾಯಾಲಯ ಅಥವಾ ಸರ್ವೋಚ್ಚ ನ್ಯಾಯಾಲಯವು ಅಸಿಂಧುವೆಂದು ಘೋಷಿಸಬಹುದು.

ಈ ವ್ಯತ್ಯಾಸವನ್ನು ಸ್ಥಿರಪಡಿಸಿದ ಪ್ರಸಿದ್ಧ ಮೊಕದ್ದಮೆಯು ನಮ್ಮ ನೆರೆಯಿಂದಲೇ ಹೋದುದಾಗಿದೆ. ಕಾಸರಗೋಡಿನ ಎಡನೀರು ಮಠದ ಶ್ರೀ ಕೇಶವಾನಂದ ಭಾರತಿ ಶ್ರೀಪಾದಂಗಳವರು ಮಠದ ಜಮೀನಿಗೆ ಅನ್ವಯವಾಗುತ್ತಿದ್ದ ಕೇರಳ ಭೂಸುಧಾರಣಾ ಕಾನೂನನ್ನು ಪ್ರಶ್ನಿಸಿ 1970ರಲ್ಲಿ ಸಂವಿಧಾನದ 32ನೇ ಅನುಚ್ಛೇದದ ಮೇರೆಗೆ ನೇರವಾಗಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಸಲ್ಲಿಸಿದರು. 13 ನ್ಯಾಯಾಧೀಶರ ಪೀಠವು 68 ದಿನಗಳ ಕಾಲ ವಾದ ಆಲಿಸಿ 1973ರ ಏಪ್ರಿಲ್ 24ರಂದು ತೀರ್ಪು ನೀಡಿತು. ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ಮಾಡಬಹುದಾದರೂ ಅದರ ಮೂಲ ಸ್ವರೂಪವನ್ನು ನಾಶಪಡಿಸಲಾಗದು ಎಂದು 7 ಮಂದಿ ನ್ಯಾಯಾಧೀಶರು ಅಭಿಪ್ರಾಯಪಟ್ಟರು, 6 ಮಂದಿ ಭಿನ್ನಾಭಿಪ್ರಾಯ ಹೊಂದಿದ್ದರು. ಭೂಸುಧಾರಣಾ ಕಾನೂನಿಗೆ ರಕ್ಷಣೆ ನೀಡಿದ್ದ 29ನೇ ತಿದ್ದುಪಡಿಯನ್ನು ಅದೇ ತೀರ್ಪಿನಲ್ಲಿ ಎತ್ತಿಹಿಡಿಯಲಾಯಿತು. ಅರ್ಜಿದಾರರು ಬಯಸಿದ ಪರಿಹಾರವು ಬೇರೆ, ಆ ಅರ್ಜಿಯಿಂದ ದೇಶಕ್ಕೆ ದೊರೆತ ನಿಯಮವು ಬೇರೆ ಎಂಬುದನ್ನು ಇಲ್ಲಿ ಗಮನಿಸಬಹುದಾಗಿದೆ.

ಇತರ ವ್ಯತ್ಯಾಸಗಳೂ ಇವೆ. ಕ್ರಿಮಿನಲ್ ಪ್ರಕರಣಗಳಲ್ಲಿ ಇದ್ದ ಜ್ಯೂರಿ ಪದ್ಧತಿಯು 1973ರ ದಂಡ ಪ್ರಕ್ರಿಯಾ ಸಂಹಿತೆಯೊಂದಿಗೆ ಕೊನೆಗೊಂಡಿತು. ಇಂಗ್ಲೆಂಡಿನಲ್ಲಿ ಸಾಲಿಸಿಟರ್ ಮತ್ತು ಬ್ಯಾರಿಸ್ಟರ್ ಎಂಬ ಎರಡು ವರ್ಗದ ವಕೀಲರಿದ್ದರೆ ನಮ್ಮಲ್ಲಿ 1961ರ ವಕೀಲರ ಅಧಿನಿಯಮದಂತೆ ಒಂದೇ ವರ್ಗವಿದೆ.

6. ಈಗಿನ ನ್ಯಾಯಾಲಯಗಳ ರಚನೆ

ಅ) ಸಿವಿಲ್ ನ್ಯಾಯಾಲಯಗಳು: ಹಿರಿಯರು ಈಗಲೂ ಮುನ್ಸಿಫ್ ಕೋರ್ಟು ಎಂದು ಕರೆಯುವ ನ್ಯಾಯಾಲಯದ ಈಗಿನ ಹೆಸರು ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ. ಅದರ ಮೇಲೆ ಹಿರಿಯ ಸಿವಿಲ್ ನ್ಯಾಯಾಧೀಶರ ನ್ಯಾಯಾಲಯ, ಅದರ ಮೇಲೆ ಜಿಲ್ಲಾ ನ್ಯಾಯಾಲಯವಿದೆ. ದಾವೆಯ ಮೌಲ್ಯವನ್ನು ಆಧರಿಸಿ ಯಾವ ನ್ಯಾಯಾಲಯ ಎಂಬುದು ನಿರ್ಧಾರವಾಗುತ್ತದೆ. ಜಿಲ್ಲಾ ನ್ಯಾಯಾಲಯವು ಮಂಗಳೂರಿನಲ್ಲಿದ್ದು, ಪುತ್ತೂರು, ಬಂಟ್ವಾಳ, ಬೆಳ್ತಂಗಡಿ, ಸುಳ್ಯ ಮತ್ತು ಮೂಡುಬಿದಿರೆಗಳಲ್ಲಿಯೂ ನ್ಯಾಯಾಲಯಗಳಿವೆ. ಸ್ಥಿರಾಸ್ತಿಗೆ ಸಂಬಂಧಿಸಿದ ದಾವೆಯನ್ನು ಸಾಮಾನ್ಯವಾಗಿ ಆಸ್ತಿ ಇರುವ ಸ್ಥಳದ ನ್ಯಾಯಾಲಯದಲ್ಲಿಯೇ ಹೂಡತಕ್ಕದ್ದು, ಅರ್ಜಿದಾರರು ವಾಸಿಸುವ ಸ್ಥಳದಲ್ಲಿ ಅಲ್ಲ.

ಆ) ಕ್ರಿಮಿನಲ್ ನ್ಯಾಯಾಲಯಗಳು: ಪ್ರಥಮ ದರ್ಜೆ ನ್ಯಾಯಿಕ ದಂಡಾಧಿಕಾರಿಗಳು 3 ವರ್ಷದವರೆಗೆ, ಮುಖ್ಯ ನ್ಯಾಯಿಕ ದಂಡಾಧಿಕಾರಿಗಳು 7 ವರ್ಷದವರೆಗೆ ಕಾರಾವಾಸದ ಶಿಕ್ಷೆ ವಿಧಿಸಬಹುದು. ಅದಕ್ಕಿಂತ ಗಂಭೀರ ಅಪರಾಧಗಳ ವಿಚಾರಣೆಯು ಸತ್ರ ನ್ಯಾಯಾಲಯದಲ್ಲಿ ನಡೆಯುತ್ತದೆ. ಸತ್ರ ನ್ಯಾಯಾಲಯವು ವಿಧಿಸುವ ಮರಣದಂಡನೆಯು ಉಚ್ಚ ನ್ಯಾಯಾಲಯದಿಂದ ದೃಢೀಕರಣವಾಗತಕ್ಕದ್ದು. 1860ರ ಭಾರತೀಯ ದಂಡ ಸಂಹಿತೆ, 1973ರ ದಂಡ ಪ್ರಕ್ರಿಯಾ ಸಂಹಿತೆ ಮತ್ತು 1872ರ ಸಾಕ್ಷ್ಯ ಅಧಿನಿಯಮಗಳ ಸ್ಥಾನದಲ್ಲಿ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ, ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಮತ್ತು ಭಾರತೀಯ ಸಾಕ್ಷ್ಯ ಅಧಿನಿಯಮಗಳು ಜಾರಿಗೆ ಬಂದಿವೆ. ಅದಕ್ಕೆ ಮೊದಲು ನಡೆದ ಕೃತ್ಯವು ಅಪರಾಧವೇ, ಅದಕ್ಕೆ ಶಿಕ್ಷೆ ಎಷ್ಟು ಎಂಬುದಕ್ಕೆ ಹಳೆಯ ದಂಡ ಸಂಹಿತೆಯೇ ಅನ್ವಯಿಸುತ್ತದೆ.

ಇ) ನ್ಯಾಯಿಕ ಮತ್ತು ಕಾರ್ಯನಿರ್ವಾಹಕ ದಂಡಾಧಿಕಾರಿಗಳು: ದಂಡಾಧಿಕಾರಿ ಎಂಬ ಹೆಸರು ಎರಡು ಕಡೆ ಇರುವುದರಿಂದ ಗೊಂದಲವಾಗುವುದುಂಟು. ನ್ಯಾಯಿಕ ದಂಡಾಧಿಕಾರಿಗಳು ನ್ಯಾಯಾಲಯದವರು. ಕಾರ್ಯನಿರ್ವಾಹಕ ದಂಡಾಧಿಕಾರಿಗಳು ತಹಶೀಲ್ದಾರರಂತಹ ಆಡಳಿತಾಧಿಕಾರಿಗಳು. ಜನನ ಅಥವಾ ಮರಣವನ್ನು ಒಂದು ವರ್ಷದ ನಂತರ ನೋಂದಾಯಿಸಲು ಹಿಂದೆ ಪ್ರಥಮ ದರ್ಜೆ ದಂಡಾಧಿಕಾರಿಗಳ ನ್ಯಾಯಾಲಯದ ಆದೇಶ ಬೇಕಾಗಿತ್ತು. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಜಿಲ್ಲಾ ದಂಡಾಧಿಕಾರಿಗಳು, ಉಪವಿಭಾಗೀಯ ದಂಡಾಧಿಕಾರಿಗಳು ಅಥವಾ ಜಿಲ್ಲಾ ದಂಡಾಧಿಕಾರಿಗಳಿಂದ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಗಳು ಈ ಆದೇಶವನ್ನು ನೀಡುತ್ತಾರೆ. ಆದುದರಿಂದ ಹಳೆಯ ಮಾಹಿತಿಯನ್ನು ನಂಬಿ ನ್ಯಾಯಾಲಯಕ್ಕೆ ಹೋಗುವ ಅಗತ್ಯವಿಲ್ಲ.

ಈ) ಉಚ್ಚ ನ್ಯಾಯಾಲಯ: ಕರ್ನಾಟಕ ಉಚ್ಚ ನ್ಯಾಯಾಲಯದ ಪ್ರಧಾನ ಪೀಠವು ಬೆಂಗಳೂರಿನಲ್ಲಿದೆ. 2008ರಲ್ಲಿ ಸಂಚಾರಿ ಪೀಠಗಳಾಗಿ ಆರಂಭವಾದ ಧಾರವಾಡ ಮತ್ತು ಕಲಬುರಗಿ ಪೀಠಗಳು 2013ರಿಂದ ಕಾಯಂ ಪೀಠಗಳಾಗಿವೆ. ನೆರೆಯ ಉತ್ತರ ಕನ್ನಡ ಜಿಲ್ಲೆಯು ಧಾರವಾಡ ಪೀಠದ ವ್ಯಾಪ್ತಿಯಲ್ಲಿದ್ದರೆ ದಕ್ಷಿಣ ಕನ್ನಡವು ಬೆಂಗಳೂರಿನ ಪ್ರಧಾನ ಪೀಠದ ವ್ಯಾಪ್ತಿಯಲ್ಲಿದೆ. ಸರ್ಕಾರಿ ಅಧಿಕಾರಿಯ ಆದೇಶವು ಕಾನೂನಿಗೆ ವಿರುದ್ಧವಾಗಿದ್ದು ಬೇರೆ ಪರಿಹಾರ ಮಾರ್ಗವಿಲ್ಲದಿದ್ದಾಗ ಸಂವಿಧಾನದ 226ನೇ ಅನುಚ್ಛೇದದ ಮೇರೆಗೆ ಇಲ್ಲಿ ರಿಟ್ ಅರ್ಜಿ ಸಲ್ಲಿಸಬಹುದು.

ಉ) ಸರ್ವೋಚ್ಚ ನ್ಯಾಯಾಲಯ: 141ನೇ ಅನುಚ್ಛೇದದಂತೆ ಇಲ್ಲಿ ಘೋಷಿತವಾದ ಕಾನೂನು ದೇಶದ ಎಲ್ಲ ನ್ಯಾಯಾಲಯಗಳಿಗೂ ಬಂಧನಕಾರಿಯಾಗಿದೆ. ಇಂಗ್ಲಿಷ್ ಪದ್ಧತಿಯ ಪೂರ್ವನಿರ್ಣಯದ ತತ್ವವು ನಮ್ಮ ಸಂವಿಧಾನದಲ್ಲಿಯೇ ಸ್ಥಾನ ಪಡೆದಿರುವುದನ್ನು ಇಲ್ಲಿ ಕಾಣಬಹುದು.

7. ಕಂದಾಯ ಕಚೇರಿ ಮತ್ತು ಸಿವಿಲ್ ನ್ಯಾಯಾಲಯ: ಮುಖ್ಯ ವ್ಯತ್ಯಾಸ

ಆರ್.ಟಿ.ಸಿ. ಎಂದು ಕರೆಯುವ ಪಹಣಿಯಲ್ಲಿ ಹೆಸರು ಇದ್ದ ಮಾತ್ರಕ್ಕೆ ಮಾಲೀಕತ್ವ ಹುಟ್ಟುವುದಿಲ್ಲ, ಹೆಸರು ಇಲ್ಲದ ಮಾತ್ರಕ್ಕೆ ಮಾಲೀಕತ್ವ ಹೋಗುವುದೂ ಇಲ್ಲ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 133ನೇ ಪ್ರಕರಣದ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ನಿಜವೆಂದು ಭಾವಿಸಲಾಗುತ್ತದೆ, ಅಷ್ಟೆ. ಖಾತೆ ಬದಲಾವಣೆಯ ಆದೇಶದ ಮೇಲೆ 136ನೇ ಪ್ರಕರಣದಂತೆ 60 ದಿನಗಳೊಳಗೆ ಸಹಾಯಕ ಆಯುಕ್ತರಿಗೆ ಮೇಲ್ಮನವಿಯನ್ನೂ ಬಳಿಕ ಜಿಲ್ಲಾಧಿಕಾರಿಗಳಿಗೆ ಪುನರೀಕ್ಷಣಾ ಅರ್ಜಿಯನ್ನೂ ಸಲ್ಲಿಸಬಹುದು. ನಮ್ಮ ಜಿಲ್ಲೆಯಲ್ಲಿ ಮಂಗಳೂರು ಮತ್ತು ಪುತ್ತೂರಿನಲ್ಲಿ ಸಹಾಯಕ ಆಯುಕ್ತರ ಕಚೇರಿಗಳಿವೆ. ಆದರೆ ಉಯಿಲು ನಿಜವೇ, ಕ್ರಯಪತ್ರ ಸಿಂಧುವೇ, ಪಾಲು ಎಷ್ಟು ಎಂಬ ಹಕ್ಕಿನ ಪ್ರಶ್ನೆಗಳನ್ನು ತೀರ್ಮಾನಿಸುವ ಅಧಿಕಾರವು ಸಿವಿಲ್ ನ್ಯಾಯಾಲಯಕ್ಕೆ ಮಾತ್ರ ಇದೆ. ನ್ಯಾಯಾಲಯದ ಡಿಕ್ರಿಯನ್ನು ಹಾಜರುಪಡಿಸಿದಾಗ ಪಹಣಿಯನ್ನು ಅದಕ್ಕೆ ಅನುಗುಣವಾಗಿ ತಿದ್ದಲಾಗುತ್ತದೆ.

ಒಂದು ಕಾಲ್ಪನಿಕ ಉದಾಹರಣೆಯನ್ನು ನೋಡೋಣ. ತಂದೆಯ ಮರಣಾನಂತರ ಅಣ್ಣನು ಒಂದು ಉಯಿಲನ್ನು ಹಾಜರುಪಡಿಸಿ ಇಡೀ ಅಡಿಕೆ ತೋಟದ ಖಾತೆಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳುತ್ತಾನೆ. ಆ ಉಯಿಲು ನಿಜವಲ್ಲವೆಂಬುದು ತಂಗಿಯ ವಾದ. ಆಕೆ ತಾಲ್ಲೂಕು ಕಚೇರಿಗೆ ತಕರಾರು ಸಲ್ಲಿಸುತ್ತಾಳೆ. ಅದು ವಜಾ ಆದ ನಂತರ ಮನವಿಗಳನ್ನು ಬರೆಯುತ್ತಾಳೆ, ಸ್ವೀಕೃತಿಗಳನ್ನು ಕಡತದಲ್ಲಿ ಜೋಪಾನವಾಗಿ ಇಡುತ್ತಾಳೆ. ನಾಲ್ಕು ವರ್ಷಗಳ ನಂತರ ವಕೀಲರ ಬಳಿಗೆ ಹೋದಾಗ ಅವರು ಸ್ವೀಕೃತಿಗಳನ್ನು ನೋಡುವುದಿಲ್ಲ, ನಿಮ್ಮ ಹಕ್ಕನ್ನು ಅಣ್ಣನು ಮೊದಲು ನಿರಾಕರಿಸಿದ ದಿನಾಂಕ ಯಾವುದು ಎಂದು ಕೇಳುತ್ತಾರೆ. ಹಕ್ಕು ಘೋಷಣೆಯ ದಾವೆಗೆ ಕಾಲಮಿತಿಯು ಸಾಮಾನ್ಯವಾಗಿ 3 ವರ್ಷಗಳು. ಆಕೆಗೆ ಬೇರೆ ಪರಿಹಾರ ಮಾರ್ಗಗಳು ಉಳಿದಿರಬಹುದು, ಆದರೆ ನೇರವಾದ ದಾರಿಯು ಕಠಿಣವಾಗಿರುತ್ತದೆ. ಕಚೇರಿಯವರು ಆಕೆಯ ಅರ್ಜಿಯನ್ನು ಸ್ವೀಕರಿಸಿದ್ದು ತಪ್ಪಲ್ಲ, ಆಕೆ ಸಲ್ಲಿಸಿದ್ದೂ ತಪ್ಪಲ್ಲ. ಕಚೇರಿಯ ಸ್ವೀಕೃತಿಯು ನ್ಯಾಯಾಲಯದ ಕಾಲಮಿತಿಯನ್ನು ನಿಲ್ಲಿಸುವುದಿಲ್ಲ ಎಂಬುದನ್ನು ಆಕೆಗೆ ಯಾರೂ ತಿಳಿಸಿರಲಿಲ್ಲ.

8. ಯಾವ ವಿಷಯಕ್ಕೆ ಎಲ್ಲಿಗೆ ಹೋಗಬೇಕು?

• ಆಸ್ತಿಯ ಹಕ್ಕು, ಪಾಲು, ಗಡಿ ಅತಿಕ್ರಮಣ, ತಡೆಯಾಜ್ಞೆ: ಸಿವಿಲ್ ನ್ಯಾಯಾಲಯ.

• ಖಾತೆ ಬದಲಾವಣೆಯ ಆದೇಶದ ಮೇಲೆ ಆಕ್ಷೇಪ: ಸಹಾಯಕ ಆಯುಕ್ತರು, ನಂತರ ಜಿಲ್ಲಾಧಿಕಾರಿಗಳು.

• ಮೃತರ ಬ್ಯಾಂಕ್ ಠೇವಣಿ, ಷೇರು ಮುಂತಾದವುಗಳಿಗೆ ಉತ್ತರಾಧಿಕಾರ ಪ್ರಮಾಣಪತ್ರ: ಸಿವಿಲ್ ನ್ಯಾಯಾಲಯ. ತಾಲ್ಲೂಕು ಕಚೇರಿಯಿಂದ ನೀಡುವ ವಂಶವೃಕ್ಷ ದೃಢೀಕರಣವು ಇದಕ್ಕೆ ಬದಲಿಯಲ್ಲ.

• ಸೇವೆ ನೀಡುವುದರಲ್ಲಿ ವಿಳಂಬ: 2011ರ ಕರ್ನಾಟಕ ಸಕಾಲ ಸೇವೆಗಳ ಅಧಿನಿಯಮದಡಿ ಸಕ್ಷಮ ಅಧಿಕಾರಿಗೆ ಮೇಲ್ಮನವಿ. ವಿಳಂಬವಾದ ಪ್ರತಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ವೆಚ್ಚಕ್ಕೆ ಅವಕಾಶವಿದೆ. ಅರ್ಜಿ ಸಲ್ಲಿಸಿದಾಗ ನೀಡುವ ಸಕಾಲ ಸಂಖ್ಯೆಯನ್ನು ಕಾಯ್ದಿರಿಸಿಕೊಳ್ಳತಕ್ಕದ್ದು.

• ದೋಷಯುಕ್ತ ಸರಕು ಅಥವಾ ಸೇವೆ: ಜಿಲ್ಲಾ ಗ್ರಾಹಕರ ವ್ಯಾಜ್ಯಗಳ ಪರಿಹಾರ ಆಯೋಗ. ಪಾವತಿಸಿದ ಮೊಬಲಗು 50 ಲಕ್ಷ ರೂಪಾಯಿ ಮೀರದ ದೂರುಗಳನ್ನು ಜಿಲ್ಲಾ ಆಯೋಗವು ವಿಚಾರಿಸುತ್ತದೆ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವಿಲ್ಲ. ಕಾಲಮಿತಿ 2 ವರ್ಷಗಳು.

• ಮಕ್ಕಳಿಂದ ಜೀವನಾಂಶ ಬಯಸುವ ತಂದೆತಾಯಿ ಹಾಗೂ ಹಿರಿಯ ನಾಗರಿಕರು: 2007ರ ಅಧಿನಿಯಮದಡಿ ಸಹಾಯಕ ಆಯುಕ್ತರ ಅಧ್ಯಕ್ಷತೆಯ ನ್ಯಾಯಮಂಡಳಿ.

• ಕೌಟುಂಬಿಕ ಹಿಂಸೆಯಿಂದ ರಕ್ಷಣೆ: 2005ರ ಅಧಿನಿಯಮದಡಿ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯ.

• ಚೆಕ್ ಅಮಾನ್ಯವಾದಾಗ: ಬ್ಯಾಂಕಿನಿಂದ ಮಾಹಿತಿ ಬಂದ 30 ದಿನಗಳೊಳಗೆ ಲಿಖಿತ ನೋಟೀಸು ನೀಡಿ, ನೋಟೀಸು ತಲುಪಿದ 15 ದಿನಗಳೊಳಗೆ ಹಣ ಪಾವತಿಯಾಗದಿದ್ದರೆ ನಂತರದ ಒಂದು ತಿಂಗಳೊಳಗೆ ನ್ಯಾಯಿಕ ದಂಡಾಧಿಕಾರಿಗಳ ನ್ಯಾಯಾಲಯದಲ್ಲಿ ದೂರು.

• ಪೊಲೀಸ್ ಠಾಣೆಯಲ್ಲಿ ದೂರು ದಾಖಲಿಸಿಕೊಳ್ಳದಿದ್ದರೆ: ಮಂಗಳೂರು ನಗರ ಪೊಲೀಸ್ ಆಯುಕ್ತರ ವ್ಯಾಪ್ತಿಯ ಠಾಣೆಗಳಲ್ಲಿ ಪೊಲೀಸ್ ಆಯುಕ್ತರಿಗೆ, ಜಿಲ್ಲೆಯ ಉಳಿದ ಕಡೆ ಪೊಲೀಸ್ ಅಧೀಕ್ಷಕರಿಗೆ ಲಿಖಿತವಾಗಿ ಸಲ್ಲಿಸಿ, ಬಳಿಕ ನ್ಯಾಯಿಕ ದಂಡಾಧಿಕಾರಿಗಳಿಗೆ ಅರ್ಜಿ.

9. ಕಾಲಮಿತಿಯ ಬಗ್ಗೆ

1963ರ ಕಾಲಮಿತಿ ಅಧಿನಿಯಮದ ಮುಖ್ಯ ಅವಧಿಗಳು ಹೀಗಿವೆ. ಸಾಲದ ಹಣದ ವಸೂಲಾತಿಗೆ ಸಾಮಾನ್ಯವಾಗಿ 3 ವರ್ಷ, ಹಕ್ಕು ಘೋಷಣೆಗೆ 3 ವರ್ಷ, ಮಾಲೀಕತ್ವದ ಆಧಾರದ ಮೇಲೆ ಸ್ಥಿರಾಸ್ತಿಯ ಸ್ವಾಧೀನಕ್ಕೆ 12 ವರ್ಷ. ಸಿವಿಲ್ ಡಿಕ್ರಿಯ ಮೇಲೆ ಜಿಲ್ಲೆಯೊಳಗಿನ ನ್ಯಾಯಾಲಯಕ್ಕೆ ಮೇಲ್ಮನವಿ ಸಲ್ಲಿಸಲು 30 ದಿನ, ಉಚ್ಚ ನ್ಯಾಯಾಲಯಕ್ಕೆ 90 ದಿನ. ತೀರ್ಪಿನ ದೃಢೀಕೃತ ನಕಲು ಪಡೆಯಲು ತಗಲುವ ದಿನಗಳನ್ನು ಮೇಲ್ಮನವಿಯ ಅವಧಿಯಿಂದ ಕಳೆಯಲಾಗುತ್ತದೆ. ಆದುದರಿಂದ ತೀರ್ಪು ಬಂದ ಕೂಡಲೇ ನಕಲಿಗೆ ಅರ್ಜಿ ಸಲ್ಲಿಸುವುದು ಲೇಸು.

ಮೇಲ್ಮನವಿಯು ತಡವಾದರೆ ಸಕಾರಣ ತೋರಿಸಿ ವಿಳಂಬದ ಮನ್ನಾ ಕೋರಬಹುದು. ಆದರೆ ಮೂಲ ದಾವೆಯು ತಡವಾದರೆ ಅದೇ ಪ್ರಕರಣದಡಿ ಮನ್ನಾ ಇಲ್ಲ. ಸರ್ಕಾರದ ವಿರುದ್ಧ ದಾವೆ ಹೂಡುವ ಮೊದಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಪ್ರಕರಣದಂತೆ 2 ತಿಂಗಳ ನೋಟೀಸು ನೀಡತಕ್ಕದ್ದು ಎಂಬುದನ್ನೂ ನೆನಪಿನಲ್ಲಿಡುವುದು.

10. ಉಚಿತ ಕಾನೂನು ನೆರವು ಮತ್ತು ಲೋಕ ಅದಾಲತ್

ವಕೀಲರ ಶುಲ್ಕ ಭರಿಸಲಾಗದು ಎಂಬ ಕಾರಣಕ್ಕೆ ಯಾರೂ ಹಿಂಜರಿಯಬೇಕಾಗಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಅಧಿನಿಯಮದ 12ನೇ ಪ್ರಕರಣದ ಪ್ರಕಾರ ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡದವರು, ವಿಕಲಚೇತನರು, ಕೈಗಾರಿಕಾ ಕಾರ್ಮಿಕರು, ವಿಪತ್ತಿಗೆ ಒಳಗಾದವರು, ಅಭಿರಕ್ಷೆಯಲ್ಲಿರುವವರು ಹಾಗೂ ನಿಗದಿತ ಆದಾಯ ಮಿತಿಯೊಳಗಿನವರು ಉಚಿತ ವಕೀಲರ ನೆರವಿಗೆ ಅರ್ಹರು. ಮಹಿಳೆಯರಿಗೆ ಆದಾಯ ಮಿತಿಯ ನಿರ್ಬಂಧವಿಲ್ಲ. ಮೇಲಿನ ಉದಾಹರಣೆಯ ತಂಗಿಯು ಮೊದಲ ದಿನವೇ ಈ ನೆರವನ್ನು ಪಡೆಯಬಹುದಾಗಿತ್ತು. ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಅಥವಾ ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ ಬಿಳಿಹಾಳೆಯಲ್ಲಿ ಅರ್ಜಿ ಸಲ್ಲಿಸಬಹುದು. ಉಚಿತ ದೂರವಾಣಿ ಸಂಖ್ಯೆ 15100.

ಲೋಕ ಅದಾಲತ್‌ನಲ್ಲಿ ಉಭಯ ಪಕ್ಷಗಾರರು ಒಪ್ಪಿದರೆ ಪ್ರಕರಣವು ಇತ್ಯರ್ಥವಾಗುತ್ತದೆ. ನ್ಯಾಯಾಲಯಕ್ಕೆ ಬಾರದ ವ್ಯಾಜ್ಯವನ್ನೂ ಅಲ್ಲಿ ಮಂಡಿಸಬಹುದು. ಅಲ್ಲಿನ ಐತೀರ್ಪು ಸಿವಿಲ್ ಡಿಕ್ರಿಗೆ ಸಮಾನವಾಗಿದ್ದು ಅದರ ಮೇಲೆ ಮೇಲ್ಮನವಿ ಇರುವುದಿಲ್ಲ. ಆದುದರಿಂದ ರಾಜಿ ಪತ್ರವನ್ನು ಓದಿಸಿ, ಅರ್ಥ ಮಾಡಿಕೊಂಡ ನಂತರವೇ ಸಹಿ ಮಾಡುವುದು.

11. ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ನ್ಯಾಯಾಲಯದಲ್ಲಿ ಕನ್ನಡದಲ್ಲಿ ವ್ಯವಹರಿಸಬಹುದೇ?
ಉತ್ತರ: ಜಿಲ್ಲೆಯ ನ್ಯಾಯಾಲಯಗಳಲ್ಲಿ ಕನ್ನಡದಲ್ಲಿ ವ್ಯವಹರಿಸಬಹುದು. ಉಚ್ಚ ನ್ಯಾಯಾಲಯ ಮತ್ತು ಸರ್ವೋಚ್ಚ ನ್ಯಾಯಾಲಯಗಳ ಕಲಾಪವು ಸಂವಿಧಾನದ 348ನೇ ಅನುಚ್ಛೇದದಂತೆ ಇಂಗ್ಲಿಷಿನಲ್ಲಿ ನಡೆಯುತ್ತದೆ.

ಪ್ರಶ್ನೆ: ನನ್ನ ಪ್ರಕರಣದ ಮುಂದಿನ ದಿನಾಂಕವನ್ನು ಹೇಗೆ ತಿಳಿಯುವುದು?
ಉತ್ತರ: ಪ್ರತಿ ಪ್ರಕರಣಕ್ಕೂ 16 ಅಕ್ಷರ ಹಾಗೂ ಅಂಕಿಗಳ ಸಿ.ಎನ್.ಆರ್. ಸಂಖ್ಯೆ ಇರುತ್ತದೆ. ಇ-ಕೋರ್ಟ್ಸ್ ಜಾಲತಾಣದಲ್ಲಿ ಅಥವಾ ಮೊಬೈಲ್ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿ ದಿನಾಂಕ ಮತ್ತು ಆದೇಶಗಳನ್ನು ಉಚಿತವಾಗಿ ನೋಡಬಹುದು.

ಪ್ರಶ್ನೆ: ಮೇಲ್ಮನವಿ ಸಲ್ಲಿಸಿದ ಮಾತ್ರಕ್ಕೆ ಕೆಳಗಿನ ಡಿಕ್ರಿಯು ತಡೆಹಿಡಿಯಲ್ಪಡುತ್ತದೆಯೇ?
ಉತ್ತರ: ಇಲ್ಲ. ಪ್ರತ್ಯೇಕವಾಗಿ ತಡೆಯಾಜ್ಞೆ ಕೋರಿ ಆದೇಶ ಪಡೆಯತಕ್ಕದ್ದು. ಅಲ್ಲಿಯವರೆಗೆ ಡಿಕ್ರಿಯು ಜಾರಿಯಲ್ಲಿರುತ್ತದೆ.

ಪ್ರಶ್ನೆ: ಎಲ್ಲ ಧರ್ಮದವರಿಗೂ ಉತ್ತರಾಧಿಕಾರದ ಕಾನೂನು ಒಂದೇ ಆಗಿದೆಯೇ?
ಉತ್ತರ: ಇಲ್ಲ. ನ್ಯಾಯಾಲಯಗಳ ಶ್ರೇಣಿಯು ಎಲ್ಲರಿಗೂ ಒಂದೇ. ಆದರೆ ಹಿಂದೂಗಳಿಗೆ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮ, ಕ್ರೈಸ್ತರಿಗೆ 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ, ಮುಸ್ಲಿಮರಿಗೆ ಅವರ ವೈಯಕ್ತಿಕ ಕಾನೂನು ಅನ್ವಯಿಸುತ್ತದೆ.

12. ಅರ್ಜಿದಾರರಿಗೆ ಸೂಚನೆ

ಯಾವುದೇ ಕಚೇರಿಯಿಂದ ಹಿಂಬರಹ ಅಥವಾ ಆದೇಶ ಬಂದಾಗ ಮೂರು ಸಂಗತಿಗಳನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಲು ಕೋರಲಾಗಿದೆ: ಅದು ಕೈಸೇರಿದ ದಿನಾಂಕ, ಮುಂದೆ ಹೋಗಬೇಕಾದ ಪ್ರಾಧಿಕಾರ ಅಥವಾ ನ್ಯಾಯಾಲಯ, ಅಲ್ಲಿಗೆ ಹೋಗಲು ಇರುವ ಕಡೆಯ ದಿನಾಂಕ. ಎರಡನೆಯ ಮತ್ತು ಮೂರನೆಯ ಸಂಗತಿಗಳು ತಿಳಿಯದಿದ್ದಲ್ಲಿ ಹಿಂಬರಹ ನೀಡಿದ ಕಚೇರಿಯ ಸಿಬ್ಬಂದಿಯನ್ನು ಸಂಕೋಚವಿಲ್ಲದೆ ವಿಚಾರಿಸುವುದು, ಅಲ್ಲಿ ಸ್ಪಷ್ಟವಾಗದಿದ್ದರೆ ಅದೇ ವಾರದಲ್ಲಿ ಕಾನೂನು ಸೇವೆಗಳ ಪ್ರಾಧಿಕಾರವನ್ನು ಸಂಪರ್ಕಿಸುವುದು.

ಈ ಲೇಖನವು ಸಾರ್ವಜನಿಕರ ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರ ಪ್ರಕಟಿಸಲಾಗಿದ್ದು, ಕಾನೂನು ಸಲಹೆಯಾಗಿರುವುದಿಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ವಕೀಲರ ಸಲಹೆ ಪಡೆಯತಕ್ಕದ್ದು.